ಗೋಡೆಯ ಟಾರ್ಚು, ದಂಡೆಯ ಟಾರ್ಚು

ಕಾಲುವೆ ಕಚೇರಿಯ ಹಿಂದಿನ ಬಿಳಿ ಗೋಡೆಗೆ ಸಾಹೇಬರು ಟಾರ್ಚು ಬಿಟ್ಟರು. ಊಟದ ತಟ್ಟೆಯಷ್ಟಗಲ ಬೆಳಕು ಗೋಡೆಯ ಮೇಲೆ ಬಿತ್ತು. "ಅಬ್ಬಾ!" ಎಂದರು ಸಾಹೇಬರು. "ಅಬ್ಬಬ್ಬಬ್ಬಾ!" ಎಂದ ಸ್ಟೋರಿನವನು. ಸಾಹೇಬರು ಕೆಮ್ಮಿದರೆ ಇವನಿಗೆ ನೆಗಡಿ ಬರುತ್ತಿತ್ತು, ಅಂಥ ಆಸಾಮಿ.

ದಂಡೆಯಕ್ಕ ಬೇಲಿಯ ಕಂಬಕ್ಕೆ ಒರಗಿ ನಿಂತು ಈ ಬೆಪ್ಪುತಕ್ಕಡಿಗಳನ್ನು ನೋಡುತ್ತಿದ್ದಳು. ಸಂಜೆ ಕಾಲುವೆಗೆ ನೀರು ತುಂಬಿಸಿ ಬಿಟ್ಟ ಮೇಲೆ ದಂಡೆಯುದ್ದಕ್ಕೂ ನಾಲ್ಕು ಮೈಲಿ ನಡೆದು, ಎಲ್ಲಾದರೂ ಒಸರುತ್ತಿದೆಯೇ ಎಂದು ನೋಡುವುದು ಅವಳ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡಿ ಅವಳಿಗೆ ಆ ಹೆಸರು ಬಂದಿತ್ತು. ಈಗ ಕಚೇರಿಯವರು ಗಸ್ತಿನವರಿಗೆಲ್ಲ ನೂರು ಎಲ್‌ಇಡಿ ಟಾರ್ಚು ಕೊಳ್ಳುವವರಿದ್ದರು. ಕೊಂಡ ಮೇಲೆ ಸ್ವಂತದ ಟಾರ್ಚು ತರುವ ಹಾಗಿಲ್ಲ ಎಂದು ಸುತ್ತೋಲೆ ಬೇರೆ ಬಂದಿತ್ತು. ಮೇಜಿನ ಮೇಲೆ ಆರು ಮಾದರಿಗಳಿದ್ದವು. ಅವಳ ಸೊಂಟದಲ್ಲಿ ಏಳನೆಯದಿತ್ತು, ಹೆಬ್ಬೆರಳು ಗಾತ್ರದ್ದು, ಒಂದೇ ಸೆಲ್ಲಿನದು, ಹಳದಿ ಬೆಳಕಿನದು.

ಬರೀ ಟಾರ್ಚಿನ ಮಾತಾಗಿದ್ದರೆ ಅವಳು ಬರುತ್ತಲೇ ಇರಲಿಲ್ಲ. ಆದರೆ ದಂಡೆಯ ಕೆಳಗೇ ಅವಳ ತಂಗಿಯ ಮನೆ. ತಂಗಿ ಹೆತ್ತು ಇನ್ನೂ ಎರಡು ತಿಂಗಳು. ಎರಡು ವರ್ಷದ ಹಿಂದೆ ಅಲ್ಲೇ ದಂಡೆ ಕುಸಿದು ತಂಗಿಯ ಅಡುಗೆಮನೆಯಲ್ಲಿ ಎದೆಮಟ್ಟ ನೀರು ನಿಂತಿತ್ತು. ಅವತ್ತು ಗಸ್ತಿನಲ್ಲಿದ್ದವನ ಕೈಯಲ್ಲಿ ಇಂಥದೇ ಕಣ್ಣು ಕೋರೈಸುವ ಟಾರ್ಚಿತ್ತು. ಎಲ್ಲ ನೋಡಿದೆ, ಏನೂ ಇರಲಿಲ್ಲ ಎಂದಿದ್ದ ಆ ಮಹಾನುಭಾವ.

"ನಾಲ್ಕನೇದಕ್ಕೆ ಹತ್ತಕ್ಕೆ ಹತ್ತು. ಬರ್ಕೊಳ್ರೀ," ಎಂದರು ಸಾಹೇಬರು. ಸ್ಟೋರಿನವನು ಪಟ್ಟಿಯಲ್ಲಿ ಬರೆದುಕೊಂಡ.

"ಸಾರ್, ಗೋಡೆ ಒಸರಲ್ಲ," ಎಂದಳು ದಂಡೆಯಕ್ಕ.

"ಏನಮ್ಮಾ ಅದು?"

"ನಾವು ನೋಡೋದು ಮಣ್ಣು, ಹುಲ್ಲು. ಈ ಟಾರ್ಚು ಬಿಟ್ರೆ ಹುಲ್ಲೆಲ್ಲ ಸುಣ್ಣ ಬಳಿದ ಹಾಗಾಗತ್ತೆ. ಒದ್ದೆ ಯಾವ್ದು, ಒಣಗಿದ್ದು ಯಾವ್ದು, ದೇವರಿಗೇ ಗೊತ್ತು. ದಂಡೆ ಹತ್ರ ಬಂದು ನೋಡಿ."

"ಅರ್ಧ ಮೈಲಿ ದೂರ ಹೊಡೆಯತ್ತಕ್ಕಾ ಇದು!" ಎಂದ ಸ್ಟೋರಿನವನು, ಟಾರ್ಚನ್ನು ಹೆತ್ತವನ ಹಾಗೆ.

"ಅರ್ಧ ಮೈಲಿ ದೂರದಲ್ಲಿ ನಿಮಗೇನಪ್ಪ ಕೆಲಸ? ನನ್ನ ಒಸರು ನನ್ನ ಕಾಲ್ಬುಡದಲ್ಲೇ ಇರತ್ತೆ."

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರಿಗೆ ಟಾರ್ಚು ಸಿಕ್ಕಿತ್ತು, ಗೋಡೆಗೆ ಹಿಡಿದಿದ್ದರು. ಆದರೂ ಎಲ್ಲರೆದುರು ಒಬ್ಬ ಗಸ್ತಿನವಳು ಹೀಗೆಂದ ಮೇಲೆ ಸುಮ್ಮನಿರಲು ಸಾಹೇಬರಿಗೆ ಆಗಲಿಲ್ಲ. ಸರಿ, ಪರೀಕ್ಷೆ ಆಗಿಯೇ ಬಿಡಲಿ ಎಂದರು. ಹಳೆಯ ಜವಾನನನ್ನು ಕರೆದು, ಮಹಡಿಯ ಟ್ಯಾಂಕಿನಿಂದ ಮೂರು ಬಕೆಟ್ ನೀರು ಹಿಡಿದು ದಂಡೆಯ ಹೊರ ಇಳಿಜಾರಿನಲ್ಲಿ ಮೂರು ಕಡೆ ಹೊಯ್ದು ಬರಲು ಹೇಳಿದರು. ಎಲ್ಲಿ ಎಂದು ಯಾರಿಗೂ ಹೇಳಕೂಡದು. ಅವನು ಗೊಣಗುತ್ತ ಮೂರು ಸಲ ಹೋಗಿ ಬರುವಷ್ಟರಲ್ಲಿ ಪೂರ್ತಿ ಕತ್ತಲಾಯಿತು.

ಮೊದಲು ಸಾಹೇಬರ ಸರದಿ. ಅವರು ದಂಡೆಯ ನೆತ್ತಿಯ ಮೇಲೆ ನೆಟ್ಟಗೆ ನಿಂತು ನಾಲ್ಕನೆಯ ಟಾರ್ಚು ಬಿಟ್ಟುಕೊಂಡು ನಡೆದರು. ಬೆಳಕು ಎಲ್ಲೆಲ್ಲೋ ಹೋಯಿತು. ಆಚೆ ದಡದ ಮರಕ್ಕೆ ಹೋಯಿತು, ಮರದ ಮೇಲಿನ ಹಕ್ಕಿಗಳು ಎದ್ದು ಬೈದವು. ತಂಗಿಯ ಮನೆಯ ಕಿಟಕಿಗೆ ಹೋಯಿತು, ಒಳಗೆ ಕೂಸು ಕಿರುಚಿಕೊಂಡಿತು. ಒಂದು ಒದ್ದೆ ಮಾತ್ರ ಸಿಕ್ಕಿತು, ಅದೂ ಸಾಹೇಬರ ಬೂಟು ಇಳಿಜಾರಿಗೆ ಜಾರಿ ಪಚಕ್ಕನೆ ಅದರೊಳಗೆ ಇಳಿದದ್ದರಿಂದ.

"ಒಂದು ಸಿಕ್ತು, ಬರ್ಕೊಳ್ರೀ!" ಎಂದರು.

"ಟಾರ್ಚಿಗೆ ಬರೀಬೇಕೋ, ಬೂಟಿಗೋ?" ಎಂದಳು ದಂಡೆಯಕ್ಕ. ಕತ್ತಲಲ್ಲಿ ಜವಾನ ಕಿಸಕ್ಕನೆ ನಕ್ಕ.

ಆಮೇಲೆ ಅವಳು ಇಳಿಜಾರಿನ ಬುಡಕ್ಕೆ ಇಳಿದು, ತನ್ನ ಪುಟ್ಟ ಟಾರ್ಚನ್ನು ಮೊಣಕಾಲಿನ ಎತ್ತರಕ್ಕೆ, ನೆಲಕ್ಕೆ ಓರೆಯಾಗಿ ಹಿಡಿದು ನಡೆದಳು. ಹಾಗೆ ಹಿಡಿದರೆ ಒಂದೊಂದು ಹುಲ್ಲಿನ ಎಸಳಿಗೂ ಉದ್ದನೆಯ ನೆರಳು ಬೀಳುತ್ತದೆ. ಒದ್ದೆಯಾದ ಜಾಗ ಎಣ್ಣೆ ಸವರಿದಂತೆ ಹೊಳೆಯುತ್ತದೆ. ಒದ್ದೆ ಸಿಕ್ಕಲ್ಲೆಲ್ಲ ಒಂದೊಂದು ಕಡ್ಡಿ ನೆಟ್ಟು ಮುಂದೆ ಹೋದಳು. ಗಸ್ತಿನಲ್ಲಿ ಒದ್ದೆ ಕಂಡರೆ ಕೂತು ಕೈಯಿಟ್ಟು ನೋಡದೆ ಅವಳು ಎಂದೂ ಮುಂದೆ ಹೋದವಳಲ್ಲ. ಇವತ್ತು ಕೈಯಿಡಲಿಲ್ಲ. ಈ ಮುಠ್ಠಾಳರ ಆಟಕ್ಕೆ ನಾನ್ಯಾಕೆ ಕೈ ಕೆಸರು ಮಾಡಿಕೊಳ್ಳಲಿ ಎಂದು ಅವಳ ಸಿಟ್ಟು. ಹತ್ತು ನಿಮಿಷದಲ್ಲಿ ಮೇಲೆ ಬಂದು, "ನಾಲ್ಕು," ಎಂದಳು.

"ಎಷ್ಟು?"

"ನಾಲ್ಕು ಸಾರ್. ಕಡ್ಡಿ ನೆಟ್ಟಿದೀನಿ."

ಸಾಹೇಬರು ಜವಾನನ ಮುಖ ನೋಡಿದರು. ಆಮೇಲೆ ಸ್ಟೋರಿನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಹೊಯ್ದಿದ್ದೇ ಮೂರು ಬಕೆಟ್ಟು, ಅಕ್ಕನಿಗೆ ನಾಲ್ಕು ಕಾಣ್ತು! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಬೇರೆಯವ್ರ ಟಾರ್ಚಿಗೆ ಹೆಸರಿಟ್ಟಿದ್ದೇ ಇಟ್ಟಿದ್ದು!"

ಸಾಹೇಬರೂ ಮನಸಾರೆ ನಕ್ಕರು. "ನೋಡಮ್ಮಾ, ಇರೋದನ್ನ ಕಾಣದೆ ಇರೋದು ಒಂದು ತಪ್ಪು. ಇಲ್ಲದ್ದನ್ನ ಕಾಣೋದು ಅದಕ್ಕಿಂತ ದೊಡ್ಡ ತಪ್ಪು. ಇಲ್ಲದ ಒಸರಿಗೆಲ್ಲ ಮರಳು ಮೂಟೆ ಹಾಕ್ತಾ ಕೂತ್ರೆ ಕಚೇರಿ ಗತಿ ಏನು? ಬರ್ಕೊಳ್ರೀ, ಸ್ವಂತ ಟಾರ್ಚು, ನಪಾಸು."

"ನೀನು ಎಲ್ಲಾದ್ರೂ ಚೆಲ್ಲಿದ್ಯೇನಪ್ಪಾ?" ಎಂದು ಅವಳು ಜವಾನನನ್ನು ಕೇಳಿದಳು.

"ಒಂದು ಹನಿ ಚೆಲ್ಲಿದ್ರೆ ಕೇಳಕ್ಕಾ. ಈ ಸೊಂಟ ಇಟ್ಕೊಂಡು ನಾಲ್ಕನೇ ಸಲ ಯಾವನು ಹೋಗ್ತಾನೆ?"

ದಂಡೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹಾಳಾಗಿ ಹೋಗಲಿ, ತಗೊಳ್ಳಲಿ ನೂರು ಟಾರ್ಚು, ಗೋಡೆಗೆ ಹೊಡೆದುಕೊಂಡು ಕೂರಲಿ. ಅವಳು ಸೆರಗು ಕೊಡವಿ ಮನೆಯ ದಾರಿ ಹಿಡಿದಳು. ಹತ್ತು ಹೆಜ್ಜೆ ಹೋಗಿರಬಹುದು. ಕೆಳಗೆ ಕೂಸು ಇನ್ನೂ ಅಳುತ್ತಿತ್ತು, ತಂಗಿ ಅದಕ್ಕೆ ಏನೋ ಹೇಳುತ್ತಿದ್ದಳು. ಆ ಕಿಟಕಿಯ ನೇರಕ್ಕೇ ತಾನು ನಾಲ್ಕನೆಯ ಕಡ್ಡಿ ನೆಟ್ಟದ್ದು ಅವಳಿಗೆ ಹೊಳೆಯಿತು.

ಅವಳು ತಿರುಗಿ ಓಡಿದಳು. ಮೂರನೆಯ ಕಡ್ಡಿಯ ಬಳಿ ಕೂತು ಅಂಗೈ ಇಟ್ಟಳು. ಬೆಚ್ಚಗಿತ್ತು, ದಿನವಿಡೀ ಬಿಸಿಲಿನಲ್ಲಿ ಕಾದ ಟ್ಯಾಂಕಿನ ನೀರು. ನಾಲ್ಕನೆಯದಕ್ಕೆ ಹೋಗಿ ಕೈಯಿಟ್ಟಳು. ತಣ್ಣಗೆ ಕೊರೆಯುತ್ತಿತ್ತು, ಕಾಲುವೆಯ ನೀರು. ಬೆರಳ ಸಂದಿಯಲ್ಲಿ ಹುಡಿಮರಳು ಸಿಕ್ಕಿತು. ದಂಡೆ ಒಳಗಿನಿಂದ ಮಣ್ಣು ಕಳೆದುಕೊಳ್ಳುತ್ತಿತ್ತು. ಕಡ್ಡಿ ನೆಡುವಾಗಲೇ ಕೈಯಿಟ್ಟಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಅವರನ್ನು ಹೀಯಾಳಿಸುವ ಭರದಲ್ಲಿ ತಾನೂ ಅವರಷ್ಟೇ ಕುರುಡಿಯಾಗಿದ್ದೆ ಎಂದು ತನ್ನನ್ನೇ ಬೈದುಕೊಂಡಳು.

"ಸಾರ್! ಇಲ್ಲಿಗೆ ಬನ್ನಿ!"

"ಮತ್ತೇನಮ್ಮಾ, ಐದನೇದು ಸಿಕ್ತಾ?"

"ಬರ್ತೀರೋ ಇಲ್ವೋ?"

ಆ ದನಿಗೆ ಸಾಹೇಬರು ಬಂದರು. ಅವಳು ಅವರ ಮಣಿಕಟ್ಟು ಹಿಡಿದೆಳೆದು ಕೈಯನ್ನು ಮೂರನೆಯ ಕಡ್ಡಿಯ ಹತ್ತಿರ ಅದ್ದಿಸಿದಳು, ಆಮೇಲೆ ನಾಲ್ಕನೆಯದರಲ್ಲಿ. ಹತ್ತೊಂಬತ್ತು ವರ್ಷದಲ್ಲಿ ಅವಳು ಯಾವ ಸಾಹೇಬರನ್ನೂ ಮುಟ್ಟಿದವಳಲ್ಲ.

"ಇದಕ್ಕೆ ನೀರು ಹೊಯ್ದವ್ರು ಯಾರು ಸಾರ್?"

ಸಾಹೇಬರು ಬೆರಳು ಉಜ್ಜಿ ಮರಳು ನೋಡಿದರು. ನಗು ಇಳಿದುಹೋಯಿತು. ಅವಸರದಲ್ಲಿ ತೂಬಿನ ಕಾವಲುಗಾರನ ನಂಬರು ಒತ್ತಿದರೆ ಮೂರು ಸಲ ತಪ್ಪಾಯಿತು. ಕೊನೆಗೆ, "ನೀರು ನಿಲ್ಸು, ಪೂರ್ತಿ ನಿಲ್ಸು!" ಎಂದು ಫೋನಿನಲ್ಲಿ ಕಿರುಚಿದರು. ದಂಡೆಯಕ್ಕ ಕೆಳಗಿನ ಮನೆಯತ್ತ ಕೂಗಿದಳು. "ತಂಗೀ! ಕೂಸನ್ನ ಎತ್ಕೊಂಡು ಮೇಲೆ ಬಾ. ಏನೂ ಕೇಳ್ಬೇಡ, ಚಪ್ಪಲಿ ಕೂಡ ಹುಡುಕ್ಬೇಡ, ಬಾ!"

ತಂಗಿ ಬರಿಗಾಲಲ್ಲಿ ಏದುಸಿರು ಬಿಡುತ್ತ ದಂಡೆ ಹತ್ತಿ ಬಂದಳು. ತೂಬು ಮುಚ್ಚಿದರೂ ಕಾಲುವೆಯ ನೀರು ಇಳಿಯಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಒಸರಿನ ಸುತ್ತ ಮರಳು ಮೂಟೆ ಪೇರಿಸಬೇಕು. ಬಾಯಿಗೇ ಮೂಟೆ ಇಟ್ಟರೆ ನೀರು ಪಕ್ಕದಲ್ಲಿ ಒಡೆದುಕೊಂಡು ಬರುತ್ತದೆ. ಜವಾನ ತನ್ನ ಸೊಂಟ ಮರೆತು ಸ್ಟೋರಿನಿಂದ ಮೂಟೆ ಎಳೆದು ತಂದ. ಕೆಸರಿನಲ್ಲಿ ಮಂಡಿಯೂರಿದ್ದ ಸಾಹೇಬರ ಕೈಗೆ ದಂಡೆಯಕ್ಕ ತನ್ನ ಪುಟ್ಟ ಟಾರ್ಚು ಕೊಟ್ಟು, "ಕೆಳಗೆ ಹಿಡೀರಿ. ಇನ್ನೂ ಕೆಳಗೆ," ಎಂದಳು. ಹಿಡಿದರು.

ಸ್ಟೋರಿನವನು ಮಾತ್ರ ಕೆಸರಾಗದ ಕಡೆ ನಿಂತು ಪಟ್ಟಿ ತಿರುವಿ ಹಾಕುತ್ತಿದ್ದ. ಕೂಸನ್ನು ಎದೆಗವಚಿಕೊಂಡು ನಿಂತಿದ್ದ ಬಾಣಂತಿಯ ಭುಜದ ಮೇಲಿಂದ ಇಣುಕಿ ಕೇಳಿದ.

"ಸಾರ್, ಹಾಗಾದ್ರೆ ಅಕ್ಕಂದು ಮೂರು ಅಂತ ಬರೀಲೋ, ನಾಲ್ಕು ಅಂತ ಬರೀಲೋ?"

ದಂಡೆಯಕ್ಕ ಎದ್ದು ಹೋಗಿ ಪಟ್ಟಿಯನ್ನು ಕಿತ್ತು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆಮೇಲೆ ಬರೆಯೋಣ. ಈಗ ಈ ಮೂಟೆ ಹಿಡಿ," ಎಂದಳು.