ಬೆಂಕಿಕಡ್ಡಿ ಸಿಕ್ಕಿಸಿದ ಸ್ವರ

ನಾನು ಹುಬ್ಬಳ್ಳಿಯ ಒಂದು ಸಣ್ಣ ಅಂಗಡಿಯಲ್ಲಿ ಹುಟ್ಟಿದ ಹಾರ್ಮೋನಿಯಂ. ತೇಗದ ಮೈ, ಹಿತ್ತಾಳೆಯ ನಾಲಿಗೆಗಳು, ಪ್ರತಿ ಕೀಗೂ ಒಂದು ತೆಳು ಸ್ಪ್ರಿಂಗ್. ಬೆರಳು ಒತ್ತಿದರೆ ಗಾಳಿಗೆ ದಾರಿ ತೆರೆಯುತ್ತದೆ. ಬೆರಳು ಎತ್ತಿದರೆ ಸ್ಪ್ರಿಂಗ್ ಅದನ್ನು ಮುಚ್ಚುತ್ತದೆ. ಮುಚ್ಚುವುದೂ ಸಂಗೀತದ ಭಾಗವೆಂದು ಆಗ ನನಗೆ ಗೊತ್ತಿರಲಿಲ್ಲ.

ನನ್ನನ್ನು ಕೊಂಡವಳು ಇಂದುಮತಿ. ಭಜನೆ ಕಲಿಯಲೆಂದು ಕೊಂಡವಳು, ಒಂದು ದಿನ ರೈಲ್ವೆ ಕಾಲೊನಿಯ ಖಾಲಿ ಗೋದಾಮಿಗೆ ಹೊತ್ತೊಯ್ದಳು. ಅಲ್ಲಿ ಗಿಟಾರಿನ ಗುರುಸಿದ್ಧ, ಡ್ರಮ್ಮಿನ ಡೆಸ್ಮಂಡ್, ಒಬ್ಬ ಗಾಯಕ ಸೇರಿ ‘ಕಬ್ಬಿಣದ ನವಿಲು’ ಎಂಬ ರಾಕ್ ಬ್ಯಾಂಡ್ ಕಟ್ಟುತ್ತಿದ್ದರು. ಅವರ ಹಾಡು ಮುಗಿಯುವಷ್ಟರಲ್ಲಿ ತಾಳ ಹಲವು ಸಲ ಬದಲಾಗುತ್ತಿತ್ತು. ನಡುವೆ ಒಂದು ದೀರ್ಘ ಭಾಗ ಇಂದುಮತಿಯದು, ಅಂದರೆ ನನ್ನದು. ಅಲ್ಲಿ ನನ್ನ ಎಲ್ಲ ನಾಲಿಗೆಗಳೂ ಮಾತಾಡುತ್ತಿದ್ದವು.

ಮೊದಲ ಸ್ಪರ್ಧೆಯ ಮುನ್ನ ಗುರುಸಿದ್ಧ ಆ ಭಾಗವನ್ನೇ ಕತ್ತರಿಸಿದ.

"ನಿನ್ನ ಪೇಟಿ ಶುರು ಆತಂದ್ರ ಜನಾ ನಿದ್ದಿ ಹೊಡೀತಾರ, ಇಂದೂ."

"ಹಂಗಾರ ನೀನ ಬಾರಿಸ್ಕೋ," ಎಂದು ಅವಳು ನನ್ನನ್ನು ಅಲ್ಲೇ ಬಿಟ್ಟು ಹೊರಟುಹೋದಳು.

ಸ್ಪರ್ಧೆಯಲ್ಲಿ ನುಡಿಸುವವರಿಲ್ಲ. ಗುರುಸಿದ್ಧ ನನ್ನ ಒಂದು ಬಿಳಿ ಕೀ ಒತ್ತಿ, ಅದು ಮೇಲೇಳದಂತೆ ಪಕ್ಕದ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿದ. ಗಾಯಕ ತಿದಿ ಒತ್ತುತ್ತ ಹಾಡಿದ. ಇಡೀ ಹಾಡಿಗೆ ನನ್ನದು ಒಂದೇ ಸ್ವರ.

"ಏನ್ಲೇ ಅದು ಗುಂಯ್ ಅನ್ನೂದು! ಮೈ ಜುಂ ಅಂತು!" ಎಂದರು ಜನ. ಜನರಿಗೆ ಹಿಡಿಸಿತು, ನಾನು ಸಿಕ್ಕಿಬಿದ್ದೆ.

ರೈಲ್ವೆ ನೌಕರಿಯಲ್ಲಿದ್ದ ಡೆಸ್ಮಂಡ್‌ಗೆ ಗುಂತಕಲ್ಲಿಗೆ ವರ್ಗವಾಯಿತು. ಗಾಯಕ ಮದುವೆ ಆರ್ಕೆಸ್ಟ್ರಾ ಸೇರಿದ. ಹೊಸಬರು ಬಂದರು, ಅವರೂ ಹೋದರು. ಕಡ್ಡಿ ಮಾತ್ರ ಉಳಿಯಿತು. ಕಾರ್ಯಕ್ರಮ ಮುಗಿದ ಮೇಲೂ ಯಾರೂ ಅದನ್ನು ತೆಗೆಯುತ್ತಿರಲಿಲ್ಲ.

ಒಮ್ಮೆ ರಿಯಾಜ ಎಂಬ ಹುಡುಗ ಬಂದ. ಅವನ ಬೆರಳುಗಳು ನನ್ನ ಮೇಲೆ ಸುಳಿದಾಗ ಧೂಳು ಹಿಡಿದ ನಾಲಿಗೆಗಳೆಲ್ಲ ಎಚ್ಚರಗೊಂಡವು.

"ಗುರಣ್ಣಾ, ಈ ಕಡ್ಡಿ ತಗೀಲೇನು?"

"ಮುಟ್ಟಬ್ಯಾಡ. ಅದು ಇಂದೂನ ಜಾಗಾ. ಆಕಿ ಬರೂತನಕ ಹಂಗ ಇರ್ಲಿ."

"ಮತ್ತ ನಾ ಬರೇ ಗಾಳಿ ಹಾಕಾಕ ಬಂದೇನೇನು? ಒಂದು ಫ್ಯಾನ್ ತಂದಿಟ್ಕೋ!"

ಅವನೂ ಹೋದ. ಉಸಿರು ಎಷ್ಟು ಬಂದರೂ ಹೊರಗೆ ಹೋಗಲು ನನಗೆ ಒಂದೇ ಬಾಗಿಲು.

ಕೊನೆಗೆ ಕ್ಯಾಸೆಟ್ ಮಾಡಿಸುವ ಅವಕಾಶ ಬಂತು. ಗುರುಸಿದ್ಧ ತಾನೇ ಹೋಗಿ ಇಂದುಮತಿಯನ್ನು ಕರೆತಂದ. "ನಿನ್ನ ಭಾಗ ಪೂರಾ ಬಾರಿಸು," ಎಂದ. ಅವಳು ಕಡ್ಡಿ ಎಳೆದಳು.

ಕೀ ಮೇಲೇಳಲಿಲ್ಲ. ಅವಳು ಉಗುರಿನಿಂದ ಎತ್ತಿದಳು, ಮತ್ತೆ ಕುಸಿಯಿತು. ತಿದಿ ಒತ್ತಿದಳು, ಅದೇ ಸ್ವರ. ವರ್ಷಗಟ್ಟಲೆ ಹಿಗ್ಗಿಯೇ ಇದ್ದ ಸ್ಪ್ರಿಂಗು ಹಿಂದಿರುಗುವುದನ್ನು ಮರೆತಿತ್ತು. ಅವಳು ನುಡಿಸಲು ನೋಡಿದಳು. ಪ್ರತಿ ಸ್ವರದ ಜೊತೆಗೂ ಆ ಒಂದು ಸ್ವರ ಕೂಗುತ್ತಲೇ ಇತ್ತು.

"ನಿನ್ನ ಜಾಗಾ ಕಾಯ್ದಿಟ್ಟಿದ್ನಿ, ಇಂದೂ."

"ಕಾಯ್ದಿಡಲಿಲ್ಲೋ ಗುರು, ಯಾರೂ ಕೂಡ್ರದಂಗ ಮಾಡಿಟ್ಟಿ. ನಾನೂ ಕೂಡ್ರದಂಗ."

"ಸ್ಪ್ರಿಂಗ್ ಬದಲಿ ಮಾಡಿಸೂಣು."

"ಮಾಡಿಸಬಹುದು. ಆದ್ರ ನೀ ಮತ್ತ ಕಡ್ಡಿ ಹಾಕ್ತಿ."

ಕಡ್ಡಿಯನ್ನು ನನ್ನ ಮೇಲಿಟ್ಟು ಅವಳು ಹೋದಳು. ಗುರುಸಿದ್ಧ ಕಡ್ಡಿಯನ್ನು ಎತ್ತಿಕೊಂಡು, ಯೋಚಿಸದೆ, ಅದೇ ಸಂದಿಗೆ ಸಿಕ್ಕಿಸಿದ.

ಬ್ಯಾಂಡ್ ಈಗಿಲ್ಲ. ಗೋದಾಮಿನ ಮೂಲೆಯಲ್ಲಿ ನಾನಿದ್ದೇನೆ. ಕಡ್ಡಿಯೂ ಇದೆ, ಓಡಿಹೋಗಲಾರದ ನನ್ನನ್ನು ಕಾವಲು ಕಾಯುತ್ತ.