ಮುಟ್ಟಿದರೆ ಕೈ, ದಾಟಿದರೆ ತಲೆ

ಗಂಡನ ಹೆಸರನ್ನು ಹೆಂಡತಿ ಹೇಳಬಾರದು ಅನ್ನುತ್ತಾರೆ. ನಾನು ಹೇಳುತ್ತೇನೆ. ಗೊಲ್ಲಪ್ಪ. ನನ್ನ ತಮ್ಮ ಪಾಲಣ್ಣನನ್ನು ಎಲ್ಲರ ಕಣ್ಣೆದುರೇ ಮಚ್ಚಿನಿಂದ ಕಡಿದವನು ಅವನೇ. ಅಂಥವನ ಹೆಸರು ನುಂಗಿಕೊಂಡು ಕೂರುವುದಕ್ಕೆ ನನ್ನ ಬಾಯಿಗೇನು ಹುಣ್ಣಾಗಿಲ್ಲ.

ನಮ್ಮದು ಮಾರಿಕಣಿವೆಯ ಹಿನ್ನೀರಿನ ದಡದ ಹಟ್ಟಿ. ಮೊದಲು ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದೆವು. ಮಹಾರಾಜರ ಸರ್ಕಾರದವರು ಕಣಿವೆಗೆ ಅಡ್ಡ ಕಟ್ಟೆ ಕಟ್ಟಿದ ಮೇಲೆ ಊರು ಮುಳುಗಿತು, ನಾವು ಗುಡ್ಡದ ಮಗ್ಗುಲಿಗೆ ಬಂದು ಗುಡಿಸಲು ಹಾಕಿದೆವು. ಕಣ್ಣು ಹಾಯಿಸಿದಷ್ಟೂ ನೀರು. ಹರಿಗೋಲು ಕಟ್ಟುವುದಕ್ಕೆ ಒಂದು ರೇವು. ಆ ರೇವಿಗೆ ಹೊಸದುರ್ಗದ ಕಡೆಯಿಂದ ನೀರಿನ ಅಂಚು ಹಿಡಿದೇ ಒಂದು ದಾರಿ ಬರುತ್ತದೆ. ಎರಡೂ ಕಡೆ ಹೊಂಗೆ, ಬೇವು, ಹುಣಸೆ. ಬೇಸಿಗೆಯಲ್ಲೂ ತಲೆಯ ಮೇಲೆ ಬಿಸಿಲು ಬೀಳದ ದಾರಿ.

ಆ ದಾರಿಯಲ್ಲಿ ಮೊದಲು ಸೈಕಲ್ಲು ಬಿಟ್ಟವನು ನನ್ನ ತಮ್ಮ. ಕಟ್ಟೆ ಕೆಲಸ ಮುಗಿಸಿ ಹೊರಟ ಬಿಳಿ ದೊರೆಯೊಬ್ಬ ಮಾರಿಹೋದ ಸೈಕಲ್ಲನ್ನು ಹೊಸದುರ್ಗದ ಮೀನು ವ್ಯಾಪಾರದ ಸಾಬರು ಕೊಂಡಿದ್ದರು. ಗಾಡಿಯಲ್ಲಿ ಹೋದ ಮೀನು ಸಂತೆ ಮುಟ್ಟುವಷ್ಟರಲ್ಲಿ ನಾರುತ್ತಿತ್ತು. ಅದಕ್ಕೇ ಹೊಸದುರ್ಗದಲ್ಲೇ ಇದ್ದ ಪಾಲಣ್ಣನನ್ನು ಇಟ್ಟುಕೊಂಡರು. ದಿನಾ ಬೆಳಕು ಹರಿಯುವಾಗ ಬಂದು, ಹಸಿ ಗೋಣಿತಾಟಿನಲ್ಲಿ ಮೀನು ಸುತ್ತಿ ಬುಟ್ಟಿಯಲ್ಲಿಟ್ಟುಕೊಂಡು, ಬಂದ ದಾರಿಯಲ್ಲೇ ಹಾರಿಹೋಗುತ್ತಿದ್ದ. ಹುಣಸೆಮರದ ತಿರುವಿಗೆ ಬಂದಾಗ ಗಂಟೆ ಬಾರಿಸುತ್ತಿದ್ದ. ಅದು ನನಗೆ. ಅಕ್ಕ ಅಂಬಲಿ ತಯಾರು ಮಾಡಲಿ ಅಂತ.

ಹೊಂಗೆ ಹೂ ಬಿಡುವ ಕಾಲದಲ್ಲಿ ಒಂದು ಸಲ ನನ್ನನ್ನೂ ಹಿಂದೆ ಕೂರಿಸಿಕೊಂಡಿದ್ದ. "ಕುಂತ್ಕಳಕ್ಕ, ಅಮಲ್ದಾರರ ಹೆಂಡ್ತಿಗೂ ಈ ಭಾಗ್ಯ ಇಲ್ಲ" ಅಂದ. ಎಡಕ್ಕೆ ನೀರು, ಮೇಲೆ ನೆರಳು, ದಾರಿಯ ತುಂಬ ಮಂಡಕ್ಕಿ ಚೆಲ್ಲಿದ ಹಾಗೆ ಹೂವು. ನಾನು ಅವನ ಅಂಗಿ ಹಿಡಿದು ಕಿರುಚಿಕೊಳ್ಳುತ್ತಿದ್ದೆ, ಅವನು ಗಂಟೆ ಬಾರಿಸುತ್ತ ನಗುತ್ತಿದ್ದ. ಇಳಿಜಾರಿನಲ್ಲಿ ಬ್ರೇಕು ಹಿಡಿಯಲೇ ಇಲ್ಲ. ಅದು ಹೆಸರಿಗೆ ಮಾತ್ರ ಬ್ರೇಕು. ಅವನು ಮೆಟ್ಟಿನ ಕಾಲನ್ನು ಚಕ್ರಕ್ಕೆ ಒತ್ತಿ ನಿಲ್ಲಿಸುತ್ತಿದ್ದ. ನನ್ನ ಬದುಕಿನಲ್ಲಿ ನಾನು ಅಷ್ಟು ನಕ್ಕಿದ್ದು ಅದೊಂದೇ ಸಲ. ಮನೆಗೆ ಬಂದಾಗ ಗೊಲ್ಲಪ್ಪ "ಮೂರೂ ಬಿಟ್ಟೋಳೇ" ಅಂತ ಕಪಾಳಕ್ಕೆ ಬಾರಿಸಿದ. ಆದರೂ ನಗು ನಿಂತಿರಲಿಲ್ಲ.

ಇನ್ನು ಚರಗದ ವಿಷಯ. ಯುಗಾದಿ ಆದ ಮೇಲೆ ನಮ್ಮಲ್ಲಿ ಮಾರಮ್ಮನ ಹಬ್ಬ. ಅಮ್ಮನ ಹೆಸರಿಗೆ ಬಿಟ್ಟ ಹೋತವನ್ನು ಕಡಿದು, ಅದರ ರಕ್ತವನ್ನು ಅನ್ನಕ್ಕೆ ಕಲಸಿ, ಹಟ್ಟಿಯ ಗಡಿಯ ಸುತ್ತ ಚೆಲ್ಲಿಕೊಂಡು ಬರುವುದೇ ಚರಗ. ಅದರೊಳಗೆ ಊರಿನ ಅದೃಷ್ಟವೆಲ್ಲ ಇರುತ್ತದಂತೆ. ಹೊರಗಿನವನು ಒಂದು ಹಿಡಿ ಕಿತ್ತುಕೊಂಡು ಓಡಿದರೆ ಆ ವರ್ಷದ ಮೀನು ಅವನ ಊರಿಗೆ. ಅದಕ್ಕೆ ಹಿಂದಿನ ದಿನ ಸಂಜೆ ತಮಟೆ ಬಡಿದು ಸಾರಿದ ಮೇಲೆ ಯಾರೂ ಹಟ್ಟಿ ಬಿಟ್ಟು ಹೋಗುವಂತಿಲ್ಲ, ಯಾರೂ ಒಳಗೆ ಬರುವಂತಿಲ್ಲ. ದಾರಿಗೆ ಅಡ್ಡಲಾಗಿ ಮರದಿಂದ ಮರಕ್ಕೆ ಬೇವಿನ ತೋರಣ ಕಟ್ಟುತ್ತಾರೆ. ಅದನ್ನು ಮುಟ್ಟಿದರೆ ಕೈ, ದಾಟಿದರೆ ತಲೆ. ಇದು ನಮ್ಮ ಕಾನೂನು. ತೋರಣ ಕಂಡರೆ ಎಂಥ ಅವಸರದವನೂ ಹಿಂದಿರುಗುತ್ತಾನೆ.

ಮೂರು ವರ್ಷದ ಹಿಂದೆ ಎದುರು ದಡದವನೊಬ್ಬ ಒಂದು ಹಿಡಿ ಕಿತ್ತುಕೊಂಡು ನೀರಿಗೆ ಹಾರಿದ. ಕಾವಲಿಗಿದ್ದವನು ಗೊಲ್ಲಪ್ಪ. ಮಚ್ಚು ಎತ್ತಿದ, ಆದರೆ ಕೈ ಬರಲಿಲ್ಲ. ಅವತ್ತಿನಿಂದ ನಮ್ಮ ಬಲೆಗೆ ಬೀಳುವುದು ಕಡಿಮೆಯಾಯಿತು, ಅವರ ಬುಟ್ಟಿ ತುಂಬಿತು. ಅವರು ಸಣ್ಣ ಕಣ್ಣಿನ ಬಲೆ ಹಾಕಿ ಮರಿಗಳನ್ನೂ ಬಾಚುತ್ತಿದ್ದದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಎಲ್ಲದಕ್ಕೂ ಗೊಲ್ಲಪ್ಪನೇ ಕಾರಣ. ಹಟ್ಟಿಯ ಹಿರಿಯ ಗೋವಿಂದಪ್ಪ ಕಂಡಾಗಲೆಲ್ಲ "ಬಳೆ ತೊಟ್ಕಳ್ಳಲೇ ಗೊಲ್ಲಪ್ಪ" ಅನ್ನುತ್ತಿದ್ದ. ಆ ಮಾತು ಕೇಳಿಸಿಕೊಂಡ ದಿನ ಏಟು ಬೀಳುತ್ತಿದ್ದದ್ದು ನನಗೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ.

ಈ ವರ್ಷವೂ ಕಾವಲು ಅವನಿಗೇ ಬಂತು. "ಈ ಸಲ ಅಡ್ಡ ಬಂದೋನು ನಮ್ಮಪ್ಪನೇ ಆದ್ರೂ ಕಡೀತೀನಿ" ಅಂತ ಗುಡಿಯ ಮುಂದೆ ಬಂಡಾರ ಮುಟ್ಟಿ ಆಣೆ ಇಟ್ಟ.

ಯಾವ ದಿನ ಚರಗ ಅನ್ನುವುದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಎದುರು ದಡಕ್ಕೆ ಸುದ್ದಿ ಹೋಗಬಾರದು ಅಂತ ಸಂಜೆಯೇ ಸಾರುವುದು. ಸಾರಿದ ಮೇಲೆ ತಮ್ಮನಿಗೆ ಹೇಳಿ ಕಳಿಸುವುದಕ್ಕೆ ದಾರಿಯೇ ಇಲ್ಲ. ಆದರೆ ನಾವಿಬ್ಬರೂ ಮಾತಾಡಿಕೊಂಡಿದ್ದೆವು. "ತೋರಣ ಕಂಡ್ರೆ ಹಂಗೇ ತಿರುಗ್ಸಿಕೊಂಡು ಹೋಗ್ತೀನಿ ಬಿಡಕ್ಕ" ಅಂದಿದ್ದ.

ಗೊಲ್ಲಪ್ಪ ತೋರಣದ ಹುರಿ ತೆಗೆದುಕೊಂಡು ಹೊರಟಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹಬ್ಬದ ಹೆಂಡ.

"ಎತ್ತರಕ್ಕೆ ಕಟ್ರಿ. ಸೊಪ್ಪು ದಟ್ಟ ಇರ್ಲಿ. ಪಾಲಣ್ಣ ಬರೋ ದಾರಿ ಅದು" ಅಂದೆ.

"ನನಗೇ ಗಂಟು ಹಾಕೋದು ಕಲಿಸ್ತೀಯಾ?" ಅಂದು ಹೋದ. ಹೋಗಿ ಎದೆಯ ಮಟ್ಟಕ್ಕೆ ಕಟ್ಟಿ ಬಂದಿದ್ದ. ನಡುವೆ ಜೋತು ಬಿದ್ದಿತ್ತು.

ಬೆಳಕು ಹರಿಯುವ ಮೊದಲು ಹೋತವನ್ನು ಗುಡಿಯ ಮುಂದೆ ತಂದರು. ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತಾರೆ. ಈ ಹೋತ ನುಗ್ಗದ ಮನೆಯೇ ಹಟ್ಟಿಯಲ್ಲಿರಲಿಲ್ಲ. ಅಮ್ಮನದು ಅಂತ ಯಾರೂ ಕಟ್ಟುವಂತಿಲ್ಲ, ಹೊಡೆಯುವಂತಿಲ್ಲ. ಅವತ್ತು ಪೂಜಾರಿ ಬೇವಿನ ಎಲೆ ಹಿಡಿದರೆ ಮೂಸಿ ಮುಖ ತಿರುಗಿಸಿತು. "ಅಮ್ಮ ಕರ್ದಾಳೆ, ಅದಕ್ಕೆ ಹಸಿವು ಸತ್ತೈತೆ" ಅಂದರು. ನೀರು ಹಾಕಿದಾಗ ಮೈ ಒದರಿತು. ಒಂದೇ ಏಟಿಗೆ ತಲೆ ಉರುಳಿತು. ಚರಗ ಮುಗಿದು ಗಂಡಸರು ಬರುವವರೆಗೆ ಆ ದೇಹವನ್ನು ಯಾರೂ ಮುಟ್ಟಬಾರದು. ಹೆಂಗಸರೆಲ್ಲ ಒಳಗೆ ಸೇರಿ ಬಾಗಿಲು ಹಾಕಿಕೊಂಡೆವು.

ಗೋವಿಂದಪ್ಪ ಬುಟ್ಟಿ ಹೊತ್ತು ಮುಂದೆ. ಅವನ ಸುತ್ತ ಮಚ್ಚು ಹಿಡಿದ ಗಂಡಸರು. "ಕೋ ಬಲಿ! ಕೋ ಬಲಿ!" ಅನ್ನುವ ಕೂಗು ಗುಡ್ಡದ ಕಡೆಯಿಂದ ಸುತ್ತಿ ಬಂದು ಕೊನೆಗೆ ದಾರಿಯ ಕಡೆ ತಿರುಗಿತು. ಆಗ ಹುಣಸೆಮರದ ತಿರುವಿನಲ್ಲಿ ಗಂಟೆ ಕೇಳಿಸಿತು.

ನಾನು ಎದ್ದೆ. ನನ್ನ ಅತ್ತೆ ದೊಡ್ಡಕ್ಕ ಬಾಗಿಲಿಗೆ ಅಡ್ಡ ಬಂದಳು.

"ಚರಗದ ಹೊತ್ತಲ್ಲಿ ಹೆಂಗ್ಸು ಹೊರಗೆ ಕಾಲಿಟ್ರೆ ವಂಶ ಹೋಗ್ತೈತೆ ಕಣೇ!"

"ಹೋಗ್ಲಿ" ಅಂದೆ. ಅವಳನ್ನು ತಳ್ಳಿದೆ. ಒನಕೆಯ ಮೇಲೆ ಬಿದ್ದಳು. ನಾನು ಓಡಿದೆ.

ಸೈಕಲ್ಲು ಇಳಿಜಾರಿನಲ್ಲಿ ಬರುತ್ತಿತ್ತು. ಗುಂಪು ದಾರಿಗೆ ಹತ್ತಿದ್ದು ಅವನಿಗೆ ಮರಗಳ ಮರೆಯಲ್ಲಿ ಕಾಣಿಸಲಿಲ್ಲ. ಕಂಡಾಗ ತಡವಾಗಿತ್ತು. "ಜಾಗ ಬಿಡ್ರಿ ಭಾವ! ಬ್ರೇಕಿಲ್ಲ! ಜಾಗ ಬಿಡ್ರಿ!" ಅಂತ ಕೂಗಿ ಗಂಟೆ ಬಾರಿಸಿದ, ಕಾಲನ್ನು ಚಕ್ರಕ್ಕೆ ಒತ್ತಿದ. ಗಂಡಸರು ಜಾಗ ಬಿಡಲಿಲ್ಲ, ಇನ್ನೂ ಒತ್ತಾಗಿ ನಿಂತರು. ಸೈಕಲ್ಲು ಗೋವಿಂದಪ್ಪನಿಗೆ ಬಡಿಯಿತು. ಬುಟ್ಟಿ ಹಾರಿತು. ರಕ್ತದ ಅನ್ನವೆಲ್ಲ ಪಾಲಣ್ಣನ ಮುಖ, ಎದೆ, ಅಂಗೈಗೆ ಮೆತ್ತಿಕೊಂಡಿತು.



"ಚರಗ ಮುಟ್ಯಾನೆ! ತೋರಣ ಕಿತ್ತಾಕಿ ಬಂದಾನೆ! ಕಡೀರಲೇ!" ಬಿದ್ದಲ್ಲಿಂದಲೇ ಗೋವಿಂದಪ್ಪ ಕಿರುಚಿದ.

ಒಬ್ಬ ದೊಣ್ಣೆಯಿಂದ ಮೊಣಕಾಲಿಗೆ ಹೊಡೆದ. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಇನ್ನೊಬ್ಬ ಸೈಕಲ್ಲು ಎತ್ತಿ ಅವನ ಬೆನ್ನಿನ ಮೇಲೆ ಹಾಕಿದ. ಪಾಲಣ್ಣ ಅದರಡಿಯಿಂದ ತೆವಳಿ ಗೊಲ್ಲಪ್ಪನ ಕಾಲು ಹಿಡಿದ. ದಿನಾ ನಮ್ಮ ಮನೆಯ ಜಗಲಿಯಲ್ಲಿ ಕೂತು ಅವನ ಜೊತೆಯೇ ಅಂಬಲಿ ಕುಡಿಯುತ್ತಿದ್ದ ಹುಡುಗ. "ನಾನು ಭಾವ, ನಾನು" ಅಂದ.

ಗೊಲ್ಲಪ್ಪನ ಮಚ್ಚು ಮೇಲೆದ್ದಿತ್ತು, ಇಳಿದಿರಲಿಲ್ಲ. ನಾನು ಅವನ ಮುಖ ನೋಡಿದೆ. ಕಡಿಯುವುದಿಲ್ಲ ಅಂತಲೇ ಅನ್ನಿಸಿತು. ಆಗ ಗುಂಪಿನಿಂದ ಯಾವನೋ ನಕ್ಕು, "ಬಳೆ ತರ್ಸಾಣೇನಲೇ ಗೊಲ್ಲಪ್ಪ?" ಅಂದ.

ಮಚ್ಚು ಕತ್ತು ಹೆಗಲು ಕೂಡುವ ಕಡೆ ಬಿತ್ತು. ಕಿತ್ತು ಮತ್ತೊಂದು ಏಟು ಹಾಕಿದ. ಮೂರನೆಯದಕ್ಕೆ ಎತ್ತಿದಾಗ ನಾನು ತಮ್ಮನ ಮೇಲೆ ಬಿದ್ದೆ. ದೊಣ್ಣೆಗಳು ನನ್ನ ಬೆನ್ನಿನ ಮೇಲೆ ಬಿದ್ದವು. ಜುಟ್ಟು ಹಿಡಿದು ಎಳೆದರು. ಒಬ್ಬನ ಕೈ ಕಚ್ಚಿದೆ, ಬಾಯಲ್ಲಿ ಅವನ ತೊಗಲು ಬಂತು, ಬಿಡಲಿಲ್ಲ.

ಪಾಲಣ್ಣನ ರಕ್ತ ನನ್ನ ಮಡಿಲು ತುಂಬಿ ಹೊಂಗೆ ಹೂವಿನ ಮೇಲೆ ಹರಿಯಿತು. ಅವನಿಗೆ ನೋವಿಗಿಂತ ಆಶ್ಚರ್ಯವೇ ಹೆಚ್ಚಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

"ತೋರಣ ಇರ್ಲಿಲ್ಲ ಕಣಕ್ಕ" ಅಂದ. "ನೋಡ್ಕೊಂಡೇ ಬಂದೆ. ಇರ್ಲಿಲ್ಲ."

ಅದೇ ಅವನ ಕೊನೆಯ ಮಾತು.

ಗಂಡಸರು ಹೋಗಿ ನೋಡಿದರು. ಎರಡೂ ಮರದಲ್ಲಿ ತುಂಡು ಹುರಿ ಮಾತ್ರ ನೇತಾಡುತ್ತಿತ್ತು. "ಕಿತ್ತು ನೀರಿಗೆ ಎಸ್ದಾನೆ ಕಳ್ಳ. ಎದುರು ದಡದೋರು ಕಾಸು ಕೊಟ್ಟಿರ್ತಾರೆ" ಅಂದ ಗೋವಿಂದಪ್ಪ. ಅಮಲ್ದಾರರ ಕಚೇರಿಯವರು ಕೇಳಿದರೆ ಸೈಕಲ್ಲಿನಿಂದ ಬಿದ್ದು ಸತ್ತ ಅನ್ನಬೇಕು ಅಂತ ಅಲ್ಲೇ ತೀರ್ಮಾನವಾಯಿತು. ಹೊರಗಿನವನ ಹೆಣ ಗಡಿಯೊಳಗೆ ಇರಬಾರದು ಅಂತ ಕಾಲು ಹಿಡಿದು ದರದರ ಎಳೆದು ತೋರಣ ಕಟ್ಟಿದ್ದ ಹೊಂಗೆ ಮರದ ಆಚೆಗೆ ಹಾಕಿದರು. ಮಣ್ಣಿಗೆ ಬಿದ್ದ ಅನ್ನವನ್ನು ಬಾಚಿ ಬುಟ್ಟಿಗೆ ತುಂಬಿ ಚರಗ ಮುಗಿಸಿದರು. ಗೊಲ್ಲಪ್ಪನನ್ನು ಹೆಗಲ ಮೇಲೆ ಹೊತ್ತು ತಂದರು.

ತಮ್ಮ ಸತ್ತ ಅಂತ ನಾನು ಅಳುತ್ತಿರಲಿಲ್ಲ, ಅಳು ಬಂದೇ ಇರಲಿಲ್ಲ. ಕಳ್ಳ ಅಂದರಲ್ಲ, ಅದು ಎದೆಯಲ್ಲಿ ಉರಿಯುತ್ತಿತ್ತು. ನನ್ನ ತಮ್ಮ ಸುಳ್ಳು ಹೇಳಿ ಸಾಯುವವನಲ್ಲ.

ಹೋತದ ಚರ್ಮ ಸುಲಿದರು. ಕರುಳು, ಬೋಟಿ ತೊಳೆಯುವುದು ಹೆಂಗಸರ ಕೆಲಸ. ಕಾವಲುಗಾರನ ಮನೆಯವಳು ಅಂತ ದೊಡ್ಡಕ್ಕ ಹೊಟ್ಟೆಚೀಲವನ್ನು ತಂದು ನನ್ನ ಮುಂದೆ ಹಾಕಿದಳು. "ಎದ್ದೇಳು. ಆಗಿದ್ದು ಆಗೋಯ್ತು. ಹಬ್ಬದ ಕೆಲ್ಸ ನಿಲ್ಲಬಾರದು." ಏಟು ತಿಂದ ಬೆನ್ನಿನಲ್ಲೇ ಅದನ್ನು ಹೊತ್ತು ರೇವಿಗೆ ಹೋದೆ. ಈಳಿಗೆಯಿಂದ ಸೀಳಿದೆ.

ಒಳಗೆ ಹಸಿ ಬೇವು. ಅರೆಬರೆ ಅಗಿದ ಬೇವಿನ ಎಲೆ, ಕಡ್ಡಿ, ಹಿಡಿಹಿಡಿಯಾಗಿ. ಅದರೊಳಗೆ ಕೈ ಹಾಕಿದಾಗ ಬೆರಳಿಗೆ ಹುರಿ ಸಿಕ್ಕಿತು. ಎಳೆದೆ. ಬರುತ್ತಲೇ ಹೋಯಿತು. ಜಾಲಿ ತೊಗಟೆಯ ಬಣ್ಣ ಹಾಕಿದ ನಮ್ಮ ಬಲೆಯ ಹುರಿ, ನಡುನಡುವೆ ಗಂಟು. ಒಂದು ಸುತ್ತು ಸಾಕಾದ ಕಡೆ ಎರಡು ಸುತ್ತು ಹಾಕುವುದು ನನ್ನ ಗಂಡನ ಚಾಳಿ. ಅವನ ಗಂಟನ್ನು ಕತ್ತಲಲ್ಲಿ ಮುಟ್ಟಿದರೂ ನನಗೆ ಗೊತ್ತಾಗುತ್ತದೆ.

ಹುರಿ ಹಿಡಿದು ಗುಡಿಯ ಮುಂದೆ ಹೋದೆ. ಗಂಡಸರು ಕುಡಿಯುತ್ತ ಕೂತಿದ್ದರು. ಗೊಲ್ಲಪ್ಪನ ಕೊರಳಲ್ಲಿ ಹೂವಿನ ಹಾರ. ಅವನ ಮುಂದಿನ ಎಲೆಯ ಮೇಲೆ ಹುರಿ ಹಾಕಿದೆ.

"ನಿನ್ನ ತೋರಣ. ಹೋತದ ಹೊಟ್ಟೇಲಿತ್ತು" ಅಂದೆ. ಅವತ್ತಿನವರೆಗೆ ಅವನಿಗೆ ಏಕವಚನ ಹಾಕಿದವಳಲ್ಲ.

ಅವನು ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದ. ಮುಖ ಬೂದಿಯಾಯಿತು. ಯಾರಾದರೂ ಒಬ್ಬ ತಪ್ಪಾಯಿತು ಅನ್ನುತ್ತಾನೆ ಅಂತ ಕಾದೆ. ಗೋವಿಂದಪ್ಪ ಬಟ್ಟಲು ಕೆಳಗಿಟ್ಟು ಗುಡಿಯ ಕಡೆ ಕೈ ಮುಗಿದ.

"ಅಮ್ಮನ ಹೋತ ತಿಂದೈತೆ ಅಂದ್ರೆ ಅಮ್ಮನೇ ತಿನ್ಸಿರೋದು. ಅವಳಿಗೆ ನರಬಲಿ ಬೇಕಿತ್ತು, ತಗೊಂಡ್ಲು. ನಿನ್ನ ತಮ್ಮ ಪುಣ್ಯವಂತ ಕಣಮ್ಮ. ಈ ವರ್ಷ ಮೀನಿಗೆ ಬರ ಇಲ್ಲ."

"ಹೌದೌದು" ಅಂದರು ಎಲ್ಲರೂ. ಗೊಲ್ಲಪ್ಪನೂ ತಲೆ ಅಲ್ಲಾಡಿಸಿದ. ಅವನ ಮುಖಕ್ಕೆ ಬಣ್ಣ ತಿರುಗಿ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ನಾನು ಹುರಿ ಎತ್ತಿಕೊಂಡೆ. ಗುಡಿಯ ಕಟ್ಟೆಗೆ ಒರಗಿಸಿದ್ದ ಅವನ ಮಚ್ಚನ್ನೂ ಎತ್ತಿಕೊಂಡೆ. ಮನೆಗೆ ಹೋಗಿ ಅತ್ತೆಯನ್ನು ಹೊರಗೆ ಕಳಿಸಿದೆ. ಬೇವಿನ ಸೊಪ್ಪು ಸಿಕ್ಕಿಸಿ ಆ ಹುರಿಯನ್ನು ಬಾಗಿಲಿಗೆ ಅಡ್ಡಲಾಗಿ ಕಟ್ಟಿದೆ. ಕಣ್ಣಿನ ಮಟ್ಟಕ್ಕೆ, ಯಾವ ಆಡಿನ ಬಾಯಿಗೂ ಸಿಗದಷ್ಟು ಎತ್ತರಕ್ಕೆ. ಒಳಗೆ ನಿಂತೆ.

ಗೊಲ್ಲಪ್ಪ ಬಂದ. ಅವನ ಹಿಂದೆ ಅರ್ಧ ಹಟ್ಟಿ ಬಂತು.

"ಏನಿದು ಹೊನ್ನಿ?"

"ಗಡಿ" ಅಂದೆ. "ಸಾರಿದ್ದೀನಿ. ಹೊರಗಿನೋರು ಬರಂಗಿಲ್ಲ."

"ನಾನು ಹೊರಗಿನೋನೇನೇ? ನಿನ್ನ ಗಂಡ ಕಣೇ."

"ಪಾಲಣ್ಣ ನಿನಗೆ ಏನಾಗ್ಬೇಕಿತ್ತು?"

ಅವನು ಹಿಂದೆ ನಿಂತವರನ್ನು ನೋಡಿದ. ಯಾರೋ ಕೆಮ್ಮಿದರು. ಬಳೆಯ ಮಾತು ಇನ್ನೇನು ಬರುತ್ತದೆ ಅಂತ ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅವನು ಬಲಗೈ ಎತ್ತಿ ಹುರಿ ಹಿಡಿದ, ಕೀಳುವುದಕ್ಕೆ.

ನನ್ನ ಕೈ ಬಂತು. ಮಚ್ಚು ಬಾಗಿಲ ಕಂಬಕ್ಕೆ ಬಡಿಯಿತು, ಅವನ ಮೂರು ಬೆರಳು ತುಂಡಾಗಿ ಹೊಸಿಲ ಮೇಲೆ ಬಿದ್ದವು. ಎರಡು ಸುತ್ತಿನ ಗಂಟು ಹಾಕುತ್ತಿದ್ದ ಬೆರಳು. ಹುರಿಯೂ ತುಂಡಾಯಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಕುಸಿದು ಊಳಿಟ್ಟ. ಗುಂಪು ಮುಂದಕ್ಕೆ ನುಗ್ಗಿತು.

"ಮುಟ್ಟಿದ, ಕೈ ಹೋಯ್ತು" ಅಂದೆ. "ಯಾರು ದಾಟ್ತೀರಿ, ಬರ್ರಿ."

ಹೊಸಿಲ ಮೇಲೆ ಬೇವಿನ ಎಲೆ ಉದುರಿತ್ತು, ರಕ್ತ ಇತ್ತು. ಗೋವಿಂದಪ್ಪ ಒಂದು ಕಾಲು ಎತ್ತಿದವನು ಅಲ್ಲೇ ಇಳಿಸಿದ. ಅವರ ಕಾನೂನು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಗುಂಪು ಎರಡಾಗಿ ದಾರಿ ಬಿಟ್ಟಿತು. ನಾನು ಮಚ್ಚು ಹಿಡಿದೇ ಅದರ ನಡುವೆ ನಡೆದು ಹೊಂಗೆ ಮರದ ಹತ್ತಿರ ಹೋದೆ. ತಮ್ಮನನ್ನು ಎತ್ತಿ, ದಾರಿಯಲ್ಲೇ ಬಿದ್ದಿದ್ದ ಸೈಕಲ್ಲಿಗೆ ಹೊರೆಯ ಹಾಗೆ ಕಟ್ಟಿದೆ. ಚಕ್ರ ಸೊಟ್ಟಗಾಗಿತ್ತು, ಆದರೂ ಉರುಳುತ್ತಿತ್ತು. ನೀರಿನ ಅಂಚಿನ ಆ ದಾರಿಯಲ್ಲೇ ತಳ್ಳಿಕೊಂಡು ಹೊಸದುರ್ಗದ ಕಚೇರಿಗೆ ಹೊರಟೆ. ಹುಣಸೆಮರದ ತಿರುವು ಬಂದಾಗ ಗಂಟೆ ಬಾರಿಸಿದೆ. ಆಗ ಅಳು ಬಂತು.