ಬೆಂಚು ಒಲ್ಲದ ನಾಗವ್ವ

ನನ್ನ ಹೆಸರು ರೂತವ್ವ. ಬೈಬಲಿನಲ್ಲಿ ಗಂಡ ಸತ್ತರೂ ಅತ್ತೆಯ ಕೈಬಿಡದ ಸೊಸೆಯೊಬ್ಬಳಿದ್ದಾಳೆ. ಆಕೆಯ ಹೆಸರನ್ನು ನನಗೆ ತೊಟ್ಟಿಲಲ್ಲೇ ಇಟ್ಟುಬಿಟ್ಟರು. ಇಟ್ಟವರು ನಮ್ಮತ್ತೆ ನಾಗವ್ವನನ್ನು ಕಂಡಿರಲಿಲ್ಲ. ಕಂಡಿದ್ದರೆ ಬೇರೆ ಹೆಸರು ಹುಡುಕುತ್ತಿದ್ದರು.

ಆಗ ಇಂಗ್ಲಿಷರ ಕಾಲ. ನಮ್ಮವರಿಗೆ, ಅಂದರೆ ನನ್ನ ಗಂಡನಿಗೆ, ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ, ಗದಗಿನ ಕಡೆಯಿಂದ ಪುಣೆಗೆ ಬಂದಿದ್ದೆವು. ಅಲ್ಲಿ ಲಷ್ಕರು ಎನ್ನುವ ದಂಡಿನ ಪೇಟೆಯಲ್ಲಿ ಕನ್ನಡದವರಿಗೆಂದೇ ಮಿಶನ್ನಿನವರು ಕಟ್ಟಿಸಿದ ಸಣ್ಣ ಚರ್ಚು ಇತ್ತು. ಬರುವವರು ಕಾರ್ಖಾನೆಯ ಕೂಲಿಗಳು, ಬಂಗಲೆಗಳ ಆಯಾಗಳು, ಬಟ್ಲರುಗಳು, ಮತ್ತೆ ಇಸ್ತ್ರಿ ಕೋಟಿನ ನಾಲ್ಕೈದು ಮಂದಿ ಕಾರಕೂನರು. ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂರುತ್ತಿದ್ದೆವು. ಅತ್ತೆ ಮಾತ್ರ ತಾನು ಹೊಲಿದ ಕೌದಿಯನ್ನು ಬಗಲಲ್ಲಿ ಹಿಡಿದು ಬಂದು, ಎಲ್ಲರಿಗಿಂತ ಮುಂದೆ ಹಾಸಿ ಕೂರುವಳು.

ಮುಂದೆಯೇ ಯಾಕೆ ಎಂದರೆ ಅವಳ ಉತ್ತರ ಒಂದೇ. ಊರಲ್ಲಿ ಅವಳ ಮಂದಿಗೆ ಗುಡಿಯ ಒಳಗೆ ಹೋಗಲು ಬಿಡುತ್ತಿರಲಿಲ್ಲ. ದೂರ ನಿಂತು ಕೈಮುಗಿಯಬೇಕಿತ್ತು. "ನಮ್ಮವ್ವ ನಿಂತ ನಿಂತ ಸತ್ತಳು. ಒಳಗ ಬಾ, ಕುಂದರು ಅಂದಾವ ಯೇಸಪ್ಪ ಒಬ್ಬನ. ಅವ ಕರದ ಮ್ಯಾಲ ಹಿಂದ ಯಾಕ ಕುಂದರಲಿ?"

ಯೇಸಪ್ಪ ಅವಳಿಗೆ ಮನೆಯ ಮನುಷ್ಯ. ರೊಟ್ಟಿ ಬಡಿಯುತ್ತ ದಿನಾ ಅವನೊಡನೆ ಮಾತು. ಅದರಲ್ಲಿ ಅರ್ಧ ಸ್ತುತಿ, ಅರ್ಧ ನನ್ನ ಮೇಲಿನ ಚಾಡಿ. "ನೋಡಪಾ ಯೇಸಪ್ಪಾ, ಇವತ್ತೂ ಪಲ್ಯಾಕ್ಕ ಉಪ್ಪ ಸುರಿದಾಳ." ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇವರ ಹತ್ತಿರ ಹೇಳಿದ್ದಕ್ಕೆ ನಾನು ಯಾರಿಗೆ ದೂರು ಕೊಡಲಿ?

ಆ ವರ್ಷ ಬಾರ್ಲೋ ಸಾಹೇಬರೆಂಬ ಹೊಸ ಪಾದ್ರಿ ಬಂದರು. ಒಳ್ಳೆಯವರೇ. ಆದರೆ ಎಲ್ಲವೂ ಓರಣವಾಗಿರಬೇಕು, ಮಿಶನ್ನಿನ ಮುಂಬೈ ಕಮಿಟಿ ಹೇಳಿದಂತೆ ಇರಬೇಕು. ಈಸ್ಟರ್ ಹಬ್ಬಕ್ಕೆ ಹತ್ತು ದಿನ ಇರುವಾಗ ಎತ್ತಿನ ಗಾಡಿಯಲ್ಲಿ ಬೆಂಚುಗಳು ಬಂದವು. ಬಾಗಿಲು ಮುಚ್ಚಿದ ಒಂದು ನಾಟಕ ಥಿಯೇಟರಿನವು, ಹರಾಜಿನಲ್ಲಿ ಅಗ್ಗಕ್ಕೆ ಸಿಕ್ಕಿದ್ದವು. ಸಾಹೇಬರು ಅವಕ್ಕೆ ದಪ್ಪಗೆ ಕಂದುಬಣ್ಣ ಬಳಿಸಿದರು. ಇಳಿಸಲು, ಬಣ್ಣ ಬಳಿಯಲು ಹೋಗಿದ್ದ ನಮ್ಮವರು ರಾತ್ರಿಯೆಲ್ಲ ಮೈ ತುರಿಸಿಕೊಂಡರು. ಬಣ್ಣದ ವಾಸನೆಗೆ ಹೀಗಾಗಿದೆ ಅಂದುಕೊಂಡೆವು.

ಭಾನುವಾರ ನೋಡಿದರೆ ಚಾಪೆಯಲ್ಲಿ ಸರಿದು ಸರಿದು ಹಿಡಿಸುತ್ತಿದ್ದ ಮಂದಿ ಬೆಂಚಿನಲ್ಲಿ ಹಿಡಿಸಲೇ ಇಲ್ಲ. ಮುಂದೆ ಕಾರಕೂನರು, ಅವರ ಹಿಂದೆ ನಾವು. ಬಂಗಲೆಯ ಕೆಲಸ ಮುಗಿಸಿ ತಡವಾಗಿ ಬಂದ ಆಯಾಗಳು ಬಿಸಿಲಿನಲ್ಲಿ ವರಾಂಡದಲ್ಲೇ ನಿಂತರು. ಅತ್ತೆ ಒಮ್ಮೆ ಬೆಂಚು ನೋಡಿದಳು, ಒಮ್ಮೆ ವರಾಂಡ ನೋಡಿದಳು. ಆಮೇಲೆ ಎಲ್ಲರ ಮುಂದೆ ನೆಲದ ಮೇಲೆ ಕೌದಿ ಹಾಸಿ ಕೂತಳು.

ಸಾಹೇಬರು ಧಾರವಾಡದಲ್ಲಿ ಪುಸ್ತಕ ಓದಿ ಕನ್ನಡ ಕಲಿತವರು. "ನಾಗವ್ವನವರೇ, ತಾವು ಆಸನದಲ್ಲಿ ಆಸೀನರಾಗತಕ್ಕದ್ದು" ಎಂದರು.

"ನಾ ಇಲ್ಲೇ ಆರಾಮ ಅದೀನ್ರಿ ಸಾಹೇಬರ."

"ಇದು ಸಭೆಯ ನಿಯಮ. ನೆಲದ ಮೇಲೆ ಕೂರುವವರಿಗೆ ಈಸ್ಟರಿನಂದು ಕರ್ತನ ಭೋಜನ ಕೊಡಲಾಗದು."

ಕರ್ತನ ಭೋಜನವೆಂದರೆ ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಆದರೆ ಅತ್ತೆಗೆ ಅದು ಯೇಸಪ್ಪನ ಕೈತುತ್ತು. ಅದಕ್ಕಾಗಿ ಹಿಂದಿನ ದಿನದಿಂದ ಉಪವಾಸ ಇರುವವಳು ಅವಳು. ಕೌದಿ ಮಡಚಿ ಎದ್ದಳು. ಬಾಗಿಲ ಹತ್ತಿರ ತಿರುಗಿ ನಿಂತು, "ನೇಮ ನಿಮ್ಮದ್ರಿ ಸಾಹೇಬರ. ರೊಟ್ಟಿ ಅವಂದು" ಎಂದಳು.

ಆ ವಾರ ಅವಳು ರೊಟ್ಟಿ ಬಡಿಯುವಾಗ ಮಾತೇ ಇಲ್ಲ. ಚಾಡಿಯೂ ಇಲ್ಲ. ಅಡುಗೆಮನೆ ಬಿಕೋ ಎಂದಿತು. ಬೇಕೆಂದೇ ಪಲ್ಯಕ್ಕೆ ಉಪ್ಪು ಹೆಚ್ಚು ಹಾಕಿ ನೋಡಿದೆ. ಸುಮ್ಮನೆ ಉಂಡು ಎದ್ದಳು.

"ಅತ್ತೀ, ಒಂದ ದಿನ ಬೆಂಚಿನ ಮ್ಯಾಲ ಕುಂದರ್ರಿ. ನಿಮ್ಮ ಗಂಟೇನು ಹೋಗತದ?" ಎಂದೆ.

"ಕುಂತರ ರೊಟ್ಟಿ ಸಿಗತದ, ರೂತಿ. ಆದರ ಹೊರಗ ನಿಂತವರ ಮಾರಿ ನೋಡಕೋತ ನುಂಗಾಕ ಬರಂಗಿಲ್ಲ. ನಮ್ಮವ್ವ ನಿಂತಂಗ ಕಾಣತದ." ಅವಳ ಕಣ್ಣಲ್ಲಿ ನೀರಿತ್ತು.

ಈಸ್ಟರಿನ ಬೆಳಿಗ್ಗೆ ಅತ್ತೆ ಉಪವಾಸದಲ್ಲೇ ಕೌದಿ ಹಿಡಿದು ಹೊರಟಳು. ಕೊಡದಿದ್ದರೆ ಬೇಡ, ಯೇಸಪ್ಪ ಸಾವಿನಿಂದ ಎದ್ದುಬಂದ ದಿನ ಮನೆಯಲ್ಲಿ ಕೂರುವುದು ಹೇಗೆ ಎಂದಳು. ಹೋಗಿ ಅದೇ ಜಾಗದಲ್ಲಿ ಹಾಸಿ ಕೂತಳು. ಬೆಂಚುಗಳು ತುಂಬಿದವು, ವರಾಂಡವೂ ತುಂಬಿತು. ಸಾಹೇಬರು ಅವಳನ್ನು ನೋಡಿ ನಿಟ್ಟುಸಿರು ಬಿಟ್ಟು, ಸ್ಥಿರಚಿತ್ತದ ಬಗ್ಗೆ ಪ್ರಸಂಗ ಶುರುಮಾಡಿದರು.

ವಾರದಲ್ಲಿ ಬೆಂಚಿನ ಬಣ್ಣ ಒಣಗಿ ಬಿರುಕುಬಿಟ್ಟಿತ್ತು. ಅದರ ಸಂದಿಯೊಳಗಿದ್ದವರು ಹೊರಗೆ ಬಂದರು. ಬೇರೆ ಯಾರೂ ಅಲ್ಲ, ರಕ್ತ ಹೀರುವ ತಗಣಿ! ಥಿಯೇಟರು ಮುಚ್ಚಿದಂದಿನಿಂದ ಉಪವಾಸವಿದ್ದ ತಗಣಿ. ಮೊದಲು ಮುಂದಿನ ಸಾಲಿನ ಕಾರಕೂನ ಮುರುಗೆಪ್ಪ ಚಡಪಡಿಸಿದ. ಆಮೇಲೆ ಇಡೀ ಸಾಲು ಹೊರಳಾಡಿತು. ತಮ್ಮ ಮಾತು ಮಂದಿಯ ಎದೆಗೆ ನಾಟಿತೆಂದು ಸಾಹೇಬರು ದನಿ ಏರಿಸಿದರು. ನಾವು ಇನ್ನಷ್ಟು ಹೊರಳಿದೆವು. ಕೊನೆಗೆ ಮುರುಗೆಪ್ಪ, "ಯಪ್ಪಾ ಸತ್ತೆ!" ಎಂದು ಕೋಟು ಕೊಡವುತ್ತ ನೆಲಕ್ಕೆ ಇಳಿದ. ಅವನ ಹಿಂದೆ ಎಲ್ಲರೂ ಇಳಿದೆವು. ಗಂಡಸರೇ ಬೆಂಚು ಹೊತ್ತು ಹೊರಗೆ ಬಿಸಿಲಿಗೆ ಹಾಕಿದರು.

ಈಗ ಬೆಂಚಿನ ಮೇಲೆ ಒಬ್ಬರೂ ಇಲ್ಲ. ಸಾಹೇಬರು ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದರು. ತಮ್ಮ ನಿಯಮದ ಪ್ರಕಾರ ಕೊಡುವುದಾದರೆ ಯಾರಿಗೂ ಕೊಡುವಂತಿಲ್ಲ. ಅವರ ಮುಖ ಕೆಂಪಾಗಿತ್ತು. ಅವರು ಕೂರುವ ಕುರ್ಚಿಯೂ ಅದೇ ಥಿಯೇಟರಿನದು, ಅವರನ್ನೂ ಕಡಿದಿತ್ತು.

ನಗು ಬರುತ್ತಿತ್ತು, ಆದರೂ ಅತ್ತೆ ಈಗ ಏನು ಅಂದುಬಿಡುತ್ತಾಳೋ ಎಂದು ಹೆದರಿದೆ. ಅವಳು ಏನೂ ಚುಚ್ಚಲಿಲ್ಲ. ಕೌದಿಯ ಮೇಲೆ ಪಕ್ಕಕ್ಕೆ ಸರಿದು, "ಬರ್ರಿ ಸಾಹೇಬರ, ಇಲ್ಲೆ ಜಾಗಾ ಅದ" ಎಂದಳು.

ಸಾಹೇಬರು ತಟ್ಟೆಯನ್ನು ಮೇಜಿನ ಮೇಲಿಟ್ಟು, ಹೊರಗೆ ಹೋಗಿ ಬೂಟು ಬಿಚ್ಚಿ ಬಂದು ತಟ್ಟೆ ಎತ್ತಿಕೊಂಡರು. ಕಾಲು ಮಡಚಲು ಬಾರದೆ ಒಂದನ್ನು ಚಾಚಿಯೇ ಕೂತರು. ರೊಟ್ಟಿ ಮುರಿದು ಮೊದಲ ಚೂರನ್ನು ಅತ್ತೆಯ ಕಡೆ ಚಾಚಿದರು.

"ನಾಗವ್ವನವರೇ, ತೆಗೆದುಕೊಳ್ಳಿರಿ. ಇದು ಅವನದು."

ಅತ್ತೆ ಎರಡೂ ಕೈಯಲ್ಲಿ ತೆಗೆದುಕೊಂಡಳು, ಬಾಯಿಗೆ ಹಾಕಿಕೊಳ್ಳಲಿಲ್ಲ. ತಿರುಗಿ, "ಆಯಾಗೋಳ್ಯಾ, ಒಳಗ ಬರ್ರೆ!" ಎಂದು ಕೂಗಿದಳು. ಅವರು ಬಂದರು. ನಾವು ಸರಿದೆವು, ಮತ್ತೂ ಸರಿದೆವು, ಎಲ್ಲರೂ ಹಿಡಿಸಿದೆವು. ನಾನು ಅಳುತ್ತಿದ್ದೆ, ಅದು ತಗಣಿ ಕಡಿದದ್ದಕ್ಕಲ್ಲ.

ಅತ್ತೆ ಕತ್ತು ಚಾಚಿ ಬಾಗಿಲಾಚೆ ನೋಡಿದಳು. ವರಾಂಡದಲ್ಲಿ ಚಪ್ಪಲಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಆ ಚಪ್ಪಲಿಗಳ ನಡುವೆ ಸಾಹೇಬರ ಬೂಟು. ಆಮೇಲೆ ರೊಟ್ಟಿ ಬಾಯಿಗೆ ಹಾಕಿಕೊಂಡಳು.